ಕರ್ಪೂರದ ಬೆಂಕಿ ಆರಿಸಿದ ಹಡಗು

ಮೊನ್ನೆ ಗರಾಜಿನ ಕಪಾಟಿನಲ್ಲಿ ಕೊಡೆ ಹುಡುಕುತ್ತಿದ್ದೆ. ನಾವಿರುವ ಊರು ವಾಲ್ನಟ್ ಕ್ರೀಕಿನಲ್ಲಿ ಮಳೆ ಅಪರೂಪ, ಬಂದ ದಿನ ಕೊಡೆ ಇನ್ನೂ ಅಪರೂಪ. ಕೊಡೆಯ ಬದಲು ಕೈಗೆ ಸಿಕ್ಕಿದ್ದು ಅಪ್ಪನ ಕಂದು ಸ್ವೆಟರು. ಮುಖಕ್ಕೆ ಒತ್ತಿಕೊಂಡೆ. ಬಾಯ್ಲರ್ ಎಣ್ಣೆ, ಹಬೆ, ನೆನೆದ ಹಳೆಯ ಮರ, ಅದರ ಜೊತೆಗೆ ಒಂಚೂರು ಕರ್ಪೂರ. ನನ್ನ ಗಂಡ ರಘು ಇದನ್ನು ಮೂರು ಸಲ ವಾಷಿಂಗ್ ಮಷಿನ್ನಿಗೆ ಹಾಕಲು ಹೊರಟಿದ್ದ, ಮೂರು ಸಲವೂ ಕಸಿದುಕೊಂಡಿದ್ದೇನೆ. ಕೊಡೆಯ ಮಾತು ಮರೆತು ಗರಾಜಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಳೆದ ವರ್ಷದ ಬೇಸಿಗೆ ಪೂರ್ತಿಯಾಗಿ ಮೂಗಿನ ಮುಂದೆ ಬಂದು ನಿಂತಿತು.

ಆ ವರ್ಷ ಮಾರ್ಚಿನಲ್ಲಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ನನ್ನ ಕೆಲಸ ಹೋಯಿತು. ಹದಿಮೂರು ವರ್ಷ ಔಷಧಿಗಳ ಗುಣಮಟ್ಟ ನೋಡಿ ಸಹಿ ಹಾಕುತ್ತಿದ್ದವಳನ್ನು ಹದಿನೈದು ನಿಮಿಷದ ಮೀಟಿಂಗಿನಲ್ಲಿ ಮನೆಗೆ ಕಳಿಸಿದರು. ಅದೇ ತಿಂಗಳ ಕೊನೆಗೆ ಅಪ್ಪ ಮಂಡ್ಯದಿಂದ ಆರು ತಿಂಗಳ ಮಟ್ಟಿಗೆ ಬಂದಿಳಿದರು. ಟಿಕೆಟ್ಟು ಮೊದಲೇ ಆಗಿತ್ತು. ಅಮ್ಮನಿಗೆ ವಿಮಾನವೆಂದರೆ ಆಗದು; ನೀವೇ ಹೋಗಿ ಬನ್ನಿ ಎಂದು ಅವರೊಬ್ಬರನ್ನೇ ಕಳಿಸಿದ್ದಳು. ಕೆಲಸ ಹೋದದ್ದನ್ನು ನಾನು ಅಪ್ಪನಿಗೆ ಹೇಳಲಿಲ್ಲ, ರಜಾ ಹಾಕಿದ್ದೇನೆ ಎಂದೆ. ನಾಲ್ಕನೆಯ ದಿನ ಬೆಳಗ್ಗೆ ಅಪ್ಪ ಕಾಫಿ ಲೋಟದೊಳಕ್ಕೇ ನೋಡಿಕೊಂಡು ಮಾತು ತೆಗೆದರು.

“ಫ್ಯಾಕ್ಟರಿ ಲಾಕೌಟ್ ಆದಾಗ ನಾನೂ ನಿಮ್ಮವ್ವಂಗೆ ಹಿಂಗೇ ರಜಾ ಅಂದಿದ್ದೆ ಕಣವ್ವ. ಎರಡು ದಿನಾನೂ ನಂಬ್ನಿಲ್ಲ ಅವಳು.”

ನಾನು ಮೊದಲು ಅತ್ತೆ, ಆಮೇಲೆ ನಕ್ಕೆ. ಅಪ್ಪ ಇನ್ನೊಂದು ಲೋಟ ಕಾಫಿ ಕೇಳಿದರು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಅಪ್ಪ ಮೂವತ್ತನಾಲ್ಕು ವರ್ಷ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ದುಡಿದವರು. ಫೋರ್‌ಮನ್ ಆಗಿ ನಿವೃತ್ತರಾದರು. ಅಂಥವರಿಗೆ ವಾಲ್ನಟ್ ಕ್ರೀಕಿನ ಮೌನ ಹಿಡಿಸೀತೇ? ಮೊದಲ ವಾರವೇ ನಮ್ಮ ನೀರು ಕಾಯಿಸುವ ಟ್ಯಾಂಕನ್ನು ಬೆರಳಿನಿಂದ ತಟ್ಟಿ ನೋಡಿ, ಒಳಗೆ ಸುಣ್ಣ ಕಟ್ಟಿದೆ ಎಂದು ತೀರ್ಪು ಕೊಟ್ಟರು. ಎರಡನೆಯ ವಾರ ಪಕ್ಕದ ಮನೆಯ ಟ್ಯಾಂಕಿಗೂ ಅದೇ ತೀರ್ಪು ಬಂತು. ಮೂರನೆಯ ವಾರಕ್ಕೆ ಮುಂಚೆ ಇವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗದಿದ್ದರೆ ಇಡೀ ಬೀದಿಯ ಟ್ಯಾಂಕುಗಳು ಬಿಚ್ಚಿಹೋಗುತ್ತವೆ ಎಂದು ನನಗೆ ಖಾತ್ರಿಯಾಯಿತು.

ಹಾಗೆ ಏಪ್ರಿಲಿನ ಒಂದು ಬೆಳಗ್ಗೆ ಕೊಲ್ಲಿಯ ದಡದ ಅಲಮೀಡಾಗೆ ಹೊರಟೆವು. ನಮ್ಮ ಕಡೆ ಬಿಸಿಲು ಸುರಿಯುತ್ತಿತ್ತು. ಫ್ರೀವೇಯ ಸುರಂಗ ದಾಟುತ್ತಲೇ ಮಂಜು ಕವಿದು, ಅಪ್ಪ ಸ್ವೆಟರು ಹಾಕಿಕೊಂಡರು. ಹಿಂದೆ ನೌಕಾಪಡೆಯ ನೆಲೆಯಾಗಿದ್ದ ಜಾಗದಲ್ಲಿ, ನೀರಿನ ಪಕ್ಕದ ದಾರಿಯಲ್ಲಿ ನಡೆಯುತ್ತಿದ್ದೆವು. ಅಪ್ಪ ಇದ್ದಕ್ಕಿದ್ದಂತೆ ನಿಂತು ಮೂಗರಳಿಸಿದರು.

“ಸವಿತಾ, ಇಲ್ಲೆಲ್ಲೋ ಬಾಯ್ಲರ್ ಅದೆ.”

“ಅಪ್ಪಾ, ಅದು ಟ್ರಕ್ಕಿನ ಹೊಗೆ. ಬನ್ನಿ, ಕಾಫಿ ಕುಡಿಯೋಣ.”

ಅವರು ಆಗಲೇ ಹೊರಟಾಗಿತ್ತು. ಮೂರು ಗೋದಾಮು ದಾಟಿ, ಒಂದು ಬೇಲಿ ಬಳಸಿ, ಹಡಗುಕಟ್ಟೆಯ ತುದಿಗೆ ಹೋಗಿ ನಿಂತರು. ಅಲ್ಲಿತ್ತು ಅದು. ನಾಲ್ಕು ಸಿಟಿ ಬಸ್ಸುಗಳಷ್ಟು ಉದ್ದದ, ಬೂದು ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದ ಮರದ ಹಡಗು. ಮೈ ಪೂರ್ತಿ ಮರ, ನಡುವೆ ಒಂದೇ ಹೊಗೆಗೊಳವೆ. ಮೂತಿಯ ಮೇಲೆ ಹೆಸರಿರಲಿಲ್ಲ, ಒಂದು ನಂಬರು ಮಾತ್ರ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ಟು ತಿಂದ ಹಡಗುಗಳ ಬೆಂಕಿ ಆರಿಸಿ, ಅವನ್ನು ಬಂದರಿಗೆ ಎಳೆದು ತರುತ್ತಿದ್ದ ಟಗ್ಗು ಎಂದು ಬೋರ್ಡು ಹೇಳುತ್ತಿತ್ತು. ಕೆಳಗೆ ಕೈಬರಹದಲ್ಲಿ ಇನ್ನೊಂದು ಸಾಲು: ಹಬೆ ಗೊತ್ತಿರುವ ಸ್ವಯಂಸೇವಕರು ಬೇಕಾಗಿದ್ದಾರೆ. ಅಪ್ಪನಿಗೆ ಅದನ್ನು ಓದಿ ಹೇಳಿದ್ದೇ ನನ್ನ ತಪ್ಪು. ಆಮೇಲೆ ಐದು ತಿಂಗಳು ನಾವು ಬೇರೆ ಎಲ್ಲಿಗೂ ಹೋಗಲಿಲ್ಲ.

ಟಗ್ಗಿನ ಯಜಮಾನಿಕೆ ಡೆಬ್ಬಿಯದು. ಫೆರಿ ದೋಣಿಗಳ ಎಂಜಿನ್ನು ನೋಡಿಕೊಂಡು ನಿವೃತ್ತಳಾದವಳು. ಕುಳ್ಳಿ, ದೊಡ್ಡ ಗಂಟಲು, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲು. ಇವರು ಬಾಯ್ಲರ್ ಫೋರ್‌ಮನ್ ಎಂದು ನಾನು ಹೇಳಿ ಮುಗಿಸುವುದರೊಳಗೆ ಅಪ್ಪನನ್ನು ಏಣಿಯಿಂದ ಕೆಳಗಿಳಿಸಿಕೊಂಡುಬಿಟ್ಟಳು. ಮುಕ್ಕಾಲು ಗಂಟೆ ಕಳೆದರೂ ಇಬ್ಬರೂ ಮೇಲೆ ಬರಲಿಲ್ಲ. ನಾನು ಇಳಿದು ನೋಡಿದರೆ ಅಪ್ಪ ಬಾಯ್ಲರಿನ ಮೈ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಡೆಬ್ಬಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಕಡೆ ಬೆರಳು ಮಾಡಿದರೆ ಅಪ್ಪ ತಲೆಯಾಡಿಸುವುದು, ಅಪ್ಪ ಒಂದು ವಾಲ್ವ್ ತೋರಿಸಿ ಮುಖ ಕಿವುಚಿದರೆ ಡೆಬ್ಬಿ ಪೆನ್ಸಿಲಿನಿಂದ ಗೋಡೆಯ ಮೇಲೆ ಗುರುತು ಹಾಕುವುದು. ಭಾಷಾಂತರಕ್ಕೆ ನನ್ನ ಅವಶ್ಯಕತೆ ಯಾರಿಗೂ ಬೀಳಲಿಲ್ಲ.

ಮೇಲೆ ಬಂದ ಮೇಲೆ ಡೆಬ್ಬಿ ವಿಷಯ ಬಿಚ್ಚಿಟ್ಟಳು. ಕಟ್ಟೆಯ ಜಾಗ ಬೇರೆಯವರಿಗೆ ಬೇಕಾಗಿತ್ತು. ಸೆಪ್ಟೆಂಬರ್ ಕೊನೆಯೊಳಗೆ ಟಗ್ಗು ತನ್ನದೇ ಹಬೆಯಲ್ಲಿ ಹೊರಟು, ಕೊಲ್ಲಿಯಲ್ಲಿ ಒಂದು ಸುತ್ತು ಹಾಕಿ ಬಂದು, ತಪಾಸಣೆಯಲ್ಲಿ ಪಾಸಾದರೆ ಬೇರೆ ಕಡೆ ಜಾಗ ಕೊಡುತ್ತಾರೆ. ಇಲ್ಲದಿದ್ದರೆ ಹಡಗು ಒಡೆಯುವ ಯಾರ್ಡಿಗೆ.

“ಎಲ್ಲರನ್ನೂ ಎಳೆದು ತಂದವಳನ್ನ ಕೊನೆಗೆ ಇನ್ಯಾರೋ ಎಳ್ಕೊಂಡು ಹೋಗ್ತಾರೆ. ವಾಲ್ಟರ್ ಬದುಕಿರೋವಾಗ ಅದಾಗಬಾರದು,” ಎಂದಳು. ಡೆಬ್ಬಿ, ವಾಲ್ಟರ್ ಆಡಿದ್ದೆಲ್ಲ ಇಂಗ್ಲಿಷಿನಲ್ಲೇ. ನನ್ನ ಕಿವಿಯಲ್ಲಿ ಉಳಿದ ಹಾಗೆ ಬರೆಯುತ್ತಿದ್ದೇನೆ.

ವಾಲ್ಟರ್ ಎಂದರೆ ಡೆಕ್ಕಿನ ಮೇಲೆ ಮಡಚುವ ಕುರ್ಚಿಯಲ್ಲಿ, ಉಣ್ಣೆಯ ಟೋಪಿ ಹಾಕಿಕೊಂಡು ಕೂತಿರುತ್ತಿದ್ದ ಅಜ್ಜ. ತೊಂಬತ್ತೆಂಟು ವರ್ಷ. ಆ ಟಗ್ಗಿನಲ್ಲಿ ಯುದ್ಧಕ್ಕೆ ಹೋದವರಲ್ಲಿ ಉಳಿದಿದ್ದವನು ಅವನೊಬ್ಬನೇ. ಹದಿನೆಂಟು ತುಂಬಿದಾಗ ಸೇರಿ, ಕೆಳಗೆ ಬಾಯ್ಲರ್ ಮನೆಯಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸ ಮಾಡಿದ್ದ. ಈಗ ಏಣಿ ಇಳಿಯಲು ಕಾಲು ಬಿಡುತ್ತಿರಲಿಲ್ಲ. ಅಪ್ಪ ಏನು ಕೆಲಸ ಮಾಡುತ್ತಿದ್ದವರೆಂದು ಕೇಳಿದ್ದೇ ಅವನು ಅಪ್ಪನ ಕೈ ಹಿಡಿದು, ತಿರುಗಿಸಿ, ಮುಂಗೈಯ ಮೇಲಿನ ಹಳೆಯ ಸುಟ್ಟ ಗಾಯಗಳನ್ನು ನೋಡಿದ. ಆಮೇಲೆ ತನ್ನ ಮುಂಗೈ ತೋರಿಸಿದ. ಇಬ್ಬರಿಗೂ ಒಂದೇ ಜಾಗದಲ್ಲಿ ಗಾಯ. ಬಾಯ್ಲರಿನ ಬಾಗಿಲು ತೆಗೆಯುವವರಿಗೆ ಅಲ್ಲೇ ಸುಡುವುದಂತೆ.

ವಾಲ್ಟರನಿಗಿದ್ದದ್ದು ಒಂದೇ ಆಸೆ: ಸಾಯುವುದರೊಳಗೆ ಟಗ್ಗಿನ ಕೂಗು ಇನ್ನೊಮ್ಮೆ ಕೇಳಬೇಕು. ಹಬೆಯಿಂದ ಊದುವ ದೊಡ್ಡ ಸಿಳ್ಳೆ ಅದು. ಆದರೆ ಅದಕ್ಕೂ ಒಂದು ಪದ್ಧತಿಯಿತ್ತು. ಹೊರಡುವಾಗ ಅವರು ಕೂಗು ಹಾಕುತ್ತಿರಲಿಲ್ಲ, ಬರಿಗೈಯಲ್ಲಿ ಬಂದರೂ ಹಾಕುತ್ತಿರಲಿಲ್ಲ. ಹಗ್ಗದ ತುದಿಯಲ್ಲಿ ಒಂದು ಹಡಗನ್ನು ಕಟ್ಟಿಕೊಂಡು ಬಂದರಿನ ಬಾಯಿ ದಾಟಿದಾಗ ಮಾತ್ರ ಉದ್ದಕ್ಕೆ ಒಂದು ಕೂಗು.

“ಕೆಳಗಿದ್ದ ನಮಗೆ ಏನೂ ಕಾಣ್ತಿರಲಿಲ್ಲ. ಕೂಗಿದರೆ ತಂದು ಮುಟ್ಟಿಸಿದ್ವಿ ಅಂತ ಅರ್ಥ,” ಎಂದ ವಾಲ್ಟರ್. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಹೌದೌದೆಂದು ತಲೆ ಆಡಿಸಿದರು.

“ನಾನು ಅಷ್ಟು ವರ್ಷ ಬಾಯ್ಲರ್ ಮುಂದೆ ಇದ್ದೆ. ಸಕ್ಕರೆ ಹೆಂಗೆ ಬೀಳ್ತದೆ ಅಂತ ಕಣ್ಣಲ್ಲಿ ನೋಡಿದ್ದು ರಿಟೈರಾದ ದಿನ,” ಎಂದರು. ವಾಲ್ಟರ್ ಅದನ್ನು ಕೇಳಿ ಬೊಚ್ಚು ಬಾಯಿ ತುಂಬ ನಕ್ಕ. ಆವತ್ತಿನಿಂದ ಅಪ್ಪ ಅವನ ಪಾಲಿಗೆ ಚೆನ್ ಆದರು. ಚನ್ನೇಗೌಡ ಎನ್ನುವಷ್ಟು ಹಲ್ಲು ಅವನಿಗಿರಲಿಲ್ಲ.

ನನಗೆ ಸಿಕ್ಕಿದ ಕೆಲಸ ದಿನಚರಿ ಪುಸ್ತಕಗಳದು. ಯುದ್ಧದ ಕಾಲದಲ್ಲಿ ಟಗ್ಗಿನ ಮೇಲೆ ನಾಲ್ಕು ಗಂಟೆಗೊಮ್ಮೆ ಬರೆದಿಟ್ಟ ಹಾಳೆಗಳ ಪ್ರತಿಗಳನ್ನು ಕಂಪ್ಯೂಟರಿಗೆ ಏರಿಸಬೇಕಿತ್ತು. ಗುಣಮಟ್ಟದ ವಿಭಾಗದಿಂದ ಬಂದವಳು, ತಪ್ಪು ಹುಡುಕುವುದೇ ನನ್ನ ಕಸುಬು. ಆದರೆ ಅಷ್ಟು ಕಡಿಮೆ ಮಾತಿನ ಬರಹವನ್ನು ನಾನು ಕಂಡೇ ಇರಲಿಲ್ಲ. ಒಂದು ಹಡಗು ಉರಿಯುತ್ತಿದೆ, ಗಾಳಿಯ ಕಡೆಯಿಂದ ಹೋಗಿ ಪಕ್ಕಕ್ಕೆ ಕಟ್ಟಿಕೊಂಡೆವು, ನೀರು ಹೊಡೆದೆವು, ಗಾಯಾಳುಗಳನ್ನು ಹತ್ತಿಸಿಕೊಂಡೆವು: ಇಷ್ಟಕ್ಕೆ ಮೂರು ಸಾಲು. ಆಮೇಲೆ ಪುಟಗಟ್ಟಲೆ ಒಂದೇ ಮಾತು: ಹಿಂದಿನಂತೆಯೇ ಎಳೆಯುತ್ತಿದ್ದೇವೆ. ಯಾರ ಮೇಲೂ ಗುಂಡು ಹಾರಿಸಿದ್ದು ಒಂದು ಕಡೆಯೂ ಬರಲಿಲ್ಲ. ಯುದ್ಧಕ್ಕೆ ಹೋಗಿಯೂ ಬರೇ ಬದುಕಿಸುವ ಕೆಲಸ ಮಾಡಿದ ಈ ಕುಳ್ಳ ಹಡಗಿನ ಮೇಲೆ ನನಗೆ ಸಿಕ್ಕಾಪಟ್ಟೆ ಪ್ರೀತಿ ಬಂತು.

ಮೇ, ಜೂನ್ ಕೆಲಸದಲ್ಲೇ ಕಳೆದವು. ಬೆಳಗ್ಗೆ ಮೊಸರನ್ನ, ಚಟ್ನಿಪುಡಿ ಕಟ್ಟಿಕೊಂಡು ಸುರಂಗ ದಾಟುವುದು. ಮಂಜು ಹರಿದು ಹನ್ನೊಂದಕ್ಕೆ ಬಿಸಿಲು ಬರುವ ಹೊತ್ತಿಗೆ ಅಪ್ಪನ ಮೈಯೆಲ್ಲ ಮಸಿ. ಬಾಯ್ಲರಿನ ಒಲೆಯೊಳಗಿನ ಹಳೆಯ ಇಟ್ಟಿಗೆಗಳು ಪುಡಿಪುಡಿಯಾಗಿದ್ದವು. ಅಪ್ಪ, ಡೆಬ್ಬಿ ಇನ್ನಿಬ್ಬರ ಜೊತೆ ಒಳಗೆ ತೆವಳಿ, ಅವನ್ನು ಕಿತ್ತು, ಹೊಸ ಇಟ್ಟಿಗೆ ಒಂದೊಂದಾಗಿ ಕೂರಿಸಿದರು. ಎಪ್ಪತ್ತೆರಡು ವರ್ಷದವರು ಒಲೆಯೊಳಗೆ ತೆವಳುವುದನ್ನು ನೋಡಿ ನನಗೆ ಜೀವ ಬಾಯಿಗೆ ಬರುತ್ತಿತ್ತು. ಮನೆಯಲ್ಲಿ ಮಂಡಿನೋವು ಎಂದು ಸೋಫಾದಿಂದ ಏಳಲು ನನ್ನ ಕೈ ಹಿಡಿಯುತ್ತಿದ್ದ ಅದೇ ಮನುಷ್ಯ ಇವರು. ಮಂಡಿ ಎಲ್ಲಿ ಹೋಯಿತು ಎಂದು ಕೇಳಿದರೆ, ಕೆಲಸ ಇದ್ದಾಗ ಅದು ಸುಮ್ಮನಿರುತ್ತದೆ ಎಂದರು.

ಇನ್ನು ಪೂಜೆಯ ಕತೆ ಹೇಳಬೇಕು. ಜುಲೈ ಮಧ್ಯದಲ್ಲಿ ಇಟ್ಟಿಗೆ ಕೆಲಸ ಮುಗಿದು, ಒಲೆಗೆ ಮೊದಲ ಬೆಂಕಿ ಹಾಕುವ ದಿನ ಬಂತು. ನಮ್ಮ ಕಡೆ ಕಬ್ಬು ಅರೆಯುವ ಕಾಲ ಶುರುವಾಗುವಾಗ ಬಾಯ್ಲರಿಗೆ ಪೂಜೆಯಾಗದೆ ಬೆಂಕಿ ಹಾಕುವುದಿಲ್ಲ. ಮೇಲಿನ ಅಧಿಕಾರಿಯಿಂದ ಹಿಡಿದು ಬೂದಿ ಎತ್ತುವವರ ತನಕ ಎಲ್ಲರೂ ಕೈಮುಗಿದು ನಿಲ್ಲುತ್ತಾರೆ. ಅಪ್ಪ ಡೆಬ್ಬಿಯ ಅನುಮತಿ ಕೇಳಿದರು. ಅವಳು ಖುಷಿಯಿಂದಲೇ ಒಪ್ಪಿದಳು. ಹೂವು, ಬಾಳೆಹಣ್ಣು, ತೆಂಗಿನಕಾಯಿ, ಕುಂಕುಮ, ಒಂದು ಪೊಟ್ಟಣ ಕರ್ಪೂರ, ಎಲ್ಲ ಇಂಡಿಯನ್ ಗ್ರೋಸರಿಯಿಂದ ತಂದೆವು. ಎಷ್ಟು ಬಿಲ್ಲೆ ಕರ್ಪೂರ ಹಚ್ಚುತ್ತೀರಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಪೊಟ್ಟಣವನ್ನು ಪೂರ್ತಿ ತಟ್ಟೆಗೆ ಸುರಿದಿದ್ದರು.

ಅದೇ ವಾರ ಡೆಬ್ಬಿ ಬಾಯ್ಲರ್ ಮನೆಯ ಚಾವಣಿಗೆ ಹೊಸ ಹೊಗೆ ಅಲಾರಂ ಹಾಕಿಸಿದ್ದಳು. ಅದೇ ಬೆಳಗ್ಗೆ ಮೇಲೆ ಡೆಕ್ಕಿನಲ್ಲಿ ಬೆಂಕಿ ಆರಿಸುವ ಪಂಪಿನ ಪರೀಕ್ಷೆಯೂ ನಡೆಯುತ್ತಿತ್ತು. ಅಪ್ಪ ಆರತಿ ಎತ್ತಿದರು. ಜ್ವಾಲೆ ಮೊಳದೆತ್ತರ ಎದ್ದು ಕಪ್ಪು ಹೊಗೆ ಸುರುಳಿ ಸುತ್ತಿ ನೇರವಾಗಿ ಅಲಾರಮ್ಮಿಗೆ ಹೋಯಿತು. ಅದು ಕಿವಿ ಕಿತ್ತುಹೋಗುವ ಹಾಗೆ ಅರಚಿತು. ಮೇಲೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ವಾಲ್ಟರ್ ಕಣ್ಣು ಬಿಟ್ಟವನೇ, ಎಂಟು ದಶಕ ಬಾಯಲ್ಲಿಟ್ಟುಕೊಂಡಿದ್ದ ಆಜ್ಞೆಯನ್ನು ಉಗುಳಿದ.

“ಬಾಯ್ಲರ್ ಮನೆಗೆ ಬೆಂಕಿ! ನೀರು ಬಿಡಿ!”

ಪೈಪು ಹಿಡಿದಿದ್ದವರು ಹಿಂದೆ ಮುಂದೆ ನೋಡಲಿಲ್ಲ. ಬಾಗಿಲಿನಿಂದ ನೀರು ನುಗ್ಗಿ ಬಂತು. ನನ್ನ ಕನ್ನಡಕ ಒಂದು ಕಡೆ, ತೆಂಗಿನಕಾಯಿ ಒಂದು ಕಡೆ. ನೀರು ನಿಂತಾಗ ಅಪ್ಪ ಬಾಯ್ಲರಿನ ಮುಂದೆ ಆರತಿ ತಟ್ಟೆ ಹಿಡಿದ ಭಂಗಿಯಲ್ಲೇ ನಿಂತಿದ್ದರು, ತಟ್ಟೆಯಲ್ಲಿ ಕೆರೆ ತುಂಬಿತ್ತು. ಹಣೆಯ ಕುಂಕುಮ ಇಳಿದು ಸ್ವೆಟರಿಗೆ ಬಂದಿತ್ತು. ಮೇಲಿನಿಂದ ವಾಲ್ಟರನ ದನಿ ಬಂತು: “ಆರಿತಾ?” ಆರಿತು ಎಂದಳು ಡೆಬ್ಬಿ. “ಹಾಗಾದರೆ ಎಂಬತ್ತು ವರ್ಷದಲ್ಲಿ ಇವಳು ಆರಿಸಿದ ಮೊದಲ ಬೆಂಕಿ,” ಎಂದ ವಾಲ್ಟರ್. ಅಷ್ಟು ಸಾಕಾಯಿತು. ನಾನು ಏಣಿ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ.

ಡೆಬ್ಬಿ ನಗಲಿಲ್ಲ. ಅವಳು ಟಾರ್ಚು ಹಿಡಿದು ಒಲೆಯೊಳಗೆ ನೋಡುತ್ತಿದ್ದಳು. ಒಲೆಯ ಬಾಗಿಲು ತೆರೆದೇ ಇತ್ತು, ನೀರು ನೇರವಾಗಿ ಹೊಸ ಇಟ್ಟಿಗೆಗಳ ಮೇಲೆ ಹೋಗಿತ್ತು. ಗಾರೆ ಇನ್ನೂ ಹಸಿಯಾಗಿದ್ದ ಇಟ್ಟಿಗೆಗಳು ನೀರು ಕುಡಿದು ಕಪ್ಪಗಾಗಿದ್ದವು. ಮತ್ತೆ ಕಿತ್ತು ಕಟ್ಟಬೇಕೆಂದರೆ ಎರಡು ತಿಂಗಳು. ಸೆಪ್ಟೆಂಬರ್ ಕೈ ತಪ್ಪುತ್ತದೆ. ನನ್ನ ನಗು ಅಲ್ಲೇ ನಿಂತಿತು. ಡೆಬ್ಬಿ ಅಪ್ಪನ ಕಡೆ ತಿರುಗಿ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಟಾರ್ಚು ಆರಿಸಿ ಏಣಿ ಹತ್ತಿ ಹೋದಳು. ಮನೆಗೆ ಹೋಗುವಾಗ ಸುರಂಗದೊಳಗೆ ಅಪ್ಪ ಒಮ್ಮೆ, ತಮಗೇ ಹೇಳಿಕೊಂಡ ಹಾಗೆ, “ನಾಲ್ಕು ಬಿಲ್ಲೆ ಸಾಕಾಗಿತ್ತು,” ಎಂದರು.

ಮಾರನೆಯ ದಿನ ಡೆಬ್ಬಿ ಎಣ್ಣೆ ಉರಿ ಹಚ್ಚಿ ಎರಡು ದಿನದಲ್ಲಿ ಒಣಗಿಸೋಣ ಎಂದಳು. ಅಪ್ಪ ಒಲೆಯ ಬಾಗಿಲಿಗೆ ಅಡ್ಡ ನಿಂತರು. ಅವರು ಅವಳಿಗೆ ಎದುರು ಹೇಳಿದ್ದು ಅದೊಂದೇ ಸಲ.

“ಹೇಳವ್ವ ಅವಳ್ಗೆ. ಆತುರ ಮಾಡುದ್ರೆ ಒಳಗಿನ ನೀರು ಹಬೆಯಾಗಿ ಇಟ್ಗೆ ಸೀಳ್ತದೆ. ಕಟ್ಗೆ ಕೊಡ್ಲಿ. ಸಣ್ಣ ಬೆಂಕಿ. ದಿನಾ ಒಂಚೂರು ಜಾಸ್ತಿ. ನಾನು ಹಾಳು ಮಾಡಿವ್ನಿ, ನಾನೇ ಒಣಗುಸ್ತೀನಿ.”

ಡೆಬ್ಬಿ ಕಿವಿಯ ಹಿಂದಿನ ಪೆನ್ಸಿಲು ತೆಗೆದಳು. ಎಷ್ಟು ದಿನ ಎಂದಳು. ಅಪ್ಪ ಬೆರಳೆಣಿಸಿ ಹನ್ನೊಂದು ಎಂದರು. ಇದನ್ನು ಕೇಳಿ ಕುರ್ಚಿಯಲ್ಲಿದ್ದ ವಾಲ್ಟರ್ ಟೋಪಿ ಸರಿಮಾಡಿಕೊಂಡ. ಹನ್ನೊಂದಾದರೆ ತಾನೂ ಜೊತೆಗಿರುತ್ತೇನೆ, ಹನ್ನೊಂದು ದಿನದ ಕೆಲಸ ತನಗೆ ಗೊತ್ತು ಎಂದ.

ಆ ಹನ್ನೊಂದು ದಿನಗಳೇ ನನ್ನ ಪಾಲಿನ ಬೇಸಿಗೆ. ಬೆಳಗ್ಗೆ ಎಂಟಕ್ಕೆ ಅಪ್ಪ ಒಲೆಯೊಳಗೆ ಕಟ್ಟಿಗೆಯ ಸಣ್ಣ ಬೆಂಕಿ ಹಚ್ಚುವರು. ಅರ್ಧ ಗಂಟೆಗೊಮ್ಮೆ ಹೊರಗಿನ ತಗಡಿನ ಮೇಲೆ ಅಂಗೈ ಇಟ್ಟು ನೋಡುವರು. ಸಂಜೆ ಬೆಂಕಿ ಆರಿಸಿ, ಬಿಸಿ ಹೋಗದಂತೆ ಬಾಗಿಲು ಮುಚ್ಚಿ ಬರುವರು. ವಾಲ್ಟರ್ ತೆರೆದ ಕಿಂಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೆಳಗಿನ ಚೆನ್‌ಗೆ ಕೇಳುವ ಹಾಗೆ ಕತೆ ಹೇಳುವನು, ನಾನು ಏಣಿಯ ನಡುವೆ ನಿಂತು ಕನ್ನಡಕ್ಕೆ ತಿರುಗಿಸುವೆನು. ನಮ್ಮ ಟಗ್ಗಿನ ದಿನಚರಿಗೆ ಒಂದು ಹೊಸ ಪುಸ್ತಕ ತೆರೆದು ನಾನು ದಿನವೂ ಬರೆಯುತ್ತಿದ್ದೆ: ಹಿಂದಿನಂತೆಯೇ ಒಣಗಿಸುತ್ತಿದ್ದೇವೆ.

ವಾಲ್ಟರನ ಹನ್ನೊಂದು ದಿನಗಳು ಪೆಸಿಫಿಕ್ಕಿನ ನಡುವೆ ಕಳೆದಂಥವು. ಒಂದು ಸರಕು ಹಡಗಿನ ಮೂತಿಯೇ ಹಾರಿಹೋಗಿತ್ತು. ಇವರು ಹೋಗಿ ಬೆಂಕಿ ಆರಿಸಿ, ಅದನ್ನು ಹಿಂದುಮುಂದಾಗಿ ಕಟ್ಟಿಕೊಂಡು, ಮನುಷ್ಯ ನಡೆಯುವ ವೇಗದಲ್ಲಿ ಎಳೆದರು. ಆ ಹಡಗಿನಲ್ಲಿ ಉಳಿದಿದ್ದವರು ಬೆರಳೆಣಿಕೆಯ ಜನ. ದಿನವೂ ಬೆಳಗ್ಗೆ ಅದರ ಅಡುಗೆಯವನು ಡೆಕ್ಕಿನ ಅಂಚಿನ ಕಂಬಿಯ ಬಳಿ ಬಂದು ಬಾಣಲೆ ಎತ್ತಿ ತೋರಿಸುತ್ತಿದ್ದನಂತೆ: ಇನ್ನೂ ತೇಲುತ್ತಿದ್ದೇವೆ, ತಿಂಡಿಯೂ ಆಗುತ್ತಿದೆ. ಡೆಕ್ಕಿನಲ್ಲಿದ್ದವರು ಅದನ್ನು ಕೆಳಗೆ ಕೂಗಿ ಹೇಳುತ್ತಿದ್ದರು. ಬಾಣಲೆ ಬಂತು ಎಂದರೆ ಬಾಯ್ಲರ್ ಮನೆಯಲ್ಲಿ ಎಲ್ಲರಿಗೂ ಹಸಿವು ಬರುತ್ತಿತ್ತಂತೆ.

“ನಾನು ಆ ಹಡಗನ್ನ ನೋಡಲೇ ಇಲ್ಲ. ಎಂಜಿನ್ ಎಷ್ಟು ತಿಣುಕುತ್ತೆ ಅನ್ನೋದರ ಮೇಲೆ ಅವಳ ತೂಕ ಗೊತ್ತಾಗ್ತಿತ್ತು, ಅಷ್ಟೇ. ಬಂದರು ಸೇರಿ ಕೂಗಾಯಿತು, ಕುಣಿದ್ವಿ. ನಾನು ಮೇಲೆ ಬರೋ ಹೊತ್ತಿಗೆ ಬೇರೆ ಟಗ್ಗು ಅವಳನ್ನ ಕರ್ಕೊಂಡು ಹೋಗಿತ್ತು,” ಎಂದ ವಾಲ್ಟರ್. ಯುದ್ಧ ಮುಗಿಯುವ ತನಕ ಹಾಗೇ. ಎಷ್ಟೋ ಹಡಗುಗಳನ್ನು ಎಳೆದು ತಂದವನು ಎಳೆತದ ಹಗ್ಗದ ತುದಿಯಲ್ಲಿ ಏನಿತ್ತೆಂದು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಅಪ್ಪ ಒಲೆಗೆ ಒಂದು ತುಂಡು ಕಟ್ಟಿಗೆ ಇಟ್ಟು ತಲೆ ಎತ್ತಿದರು.

“ಬಾಣಲೆ ಹಿಡ್ದವನು ಬದುಕುದ್ನಾ, ಕೇಳು.”

ಬದುಕಿದ, ಹಡಗಿನಲ್ಲಿದ್ದವರೆಲ್ಲ ಬದುಕಿದರು ಎಂದ ವಾಲ್ಟರ್. ಅಪ್ಪನ ಮುಖ ಅರಳಿತು, ತಾವೇ ಎಳೆದು ತಂದ ಹಾಗೆ.

ಹನ್ನೆರಡನೆಯ ದಿನ ಡೆಬ್ಬಿ ಒಲೆಯೊಳಗೆ ತಲೆ ತೂರಿಸಿ, ಸುತ್ತಿಗೆಯಿಂದ ಇಟ್ಟಿಗೆಗಳನ್ನು ಒಂದೊಂದಾಗಿ ತಟ್ಟಿದಳು. ಎಲ್ಲವೂ ಠಣ್ ಠಣ್ ಎಂದವು. ಒಂದರಲ್ಲೂ ಸೀಳಿರಲಿಲ್ಲ. ಹೊರಗೆ ಬಂದವಳು ಮಸಿಯ ಕೈಯಲ್ಲೇ ಅಪ್ಪನನ್ನು ಅಪ್ಪಿಕೊಂಡಳು. ಅಪ್ಪ ಎರಡೂ ಕೈ ಬದಿಗಿಟ್ಟುಕೊಂಡು, ಕಂಬದ ಹಾಗೆ ನಿಂತು, ನನ್ನ ಕಡೆ ಕಣ್ಣಿನಲ್ಲೇ ಬಿಡಿಸು ಎಂದು ಬೇಡಿಕೊಂಡರು. ನಾನು ಬಿಡಿಸಲಿಲ್ಲ. ಆಮೇಲೆ ಡೆಬ್ಬಿ ಜೇಬಿನಿಂದ ಒಂದು ಬಿಲ್ಲೆ ಕರ್ಪೂರ ತೆಗೆದಳು. ನೀರಿನಲ್ಲಿ ತೇಲಿಹೋಗಿದ್ದವುಗಳಲ್ಲಿ ಒಂದನ್ನು ಎತ್ತಿಟ್ಟುಕೊಂಡಿದ್ದಳಂತೆ. ಅಲಾರಮ್ಮಿಗೆ ಚೀಲ ಕಟ್ಟಿ, ಪೈಪು ಹಿಡಿಯುವವರನ್ನು ದಡಕ್ಕೆ ಕಳಿಸಿ, ಪೂಜೆ ಮುಗಿಸಿದೆವು.

ಪರೀಕ್ಷೆಯ ದಿನ ಸೆಪ್ಟೆಂಬರಿನ ಕೊನೆಯ ಭಾನುವಾರಕ್ಕೆ ಬಿತ್ತು. ಮರುವಾರ ಅಪ್ಪನ ವಿಮಾನ. ಎರಡು ದಿನ ಮೊದಲೇ ಒಲೆ ಹಚ್ಚಿ ನಿಧಾನವಾಗಿ ಹಬೆ ಏರಿಸಿದ್ದರು. ಬೆಳಗ್ಗೆ ಕೊಲ್ಲಿಯ ಮೇಲೆ ತೆಳ್ಳಗೆ ಮಂಜಿತ್ತು, ಗಾಳಿ ಸತ್ತಿತ್ತು. ತಪಾಸಣೆಗೆ ಬಂದಿದ್ದಾಕೆ ನಗುವನ್ನು ಮನೆಯಲ್ಲೇ ಬಿಟ್ಟು ಬಂದಂಥ ಹೆಂಗಸು, ಕೈಯಲ್ಲಿ ಪ್ಯಾಡು. ವಾಲ್ಟರನ ಕುರ್ಚಿಯನ್ನು ಚಾಲಕನ ಕೋಣೆಯ ಹಿಂದೆ ಡೆಕ್ಕಿಗೆ ಬಿಗಿದಿದ್ದೆವು. ಕೂಗಿನ ಹಗ್ಗಕ್ಕೆ ಡೆಬ್ಬಿ ಇನ್ನೊಂದು ಹಗ್ಗ ಗಂಟು ಹಾಕಿ ಅವನ ತೊಡೆಯ ಮೇಲಿಟ್ಟಳು. ಹೊರಡುವಾಗ ಎಳೆಯುತ್ತೀಯಾ ಎಂದಳು, ಆಸೆ ತಡೆಯಲಾರದೆ.

“ಇಲ್ಲ. ಯಾರನ್ನೂ ತಂದಿಲ್ಲವಲ್ಲ,” ಎಂದ ವಾಲ್ಟರ್. ನನಗೆ ಅವನ ಮೇಲೆ ಸಿಟ್ಟೇ ಬಂತು. ತೊಂಬತ್ತೆಂಟು ವರ್ಷ, ಎದುರಿಗೇ ಹಗ್ಗ, ಇನ್ನೊಂದು ದಿನ ಸಿಗುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ?

ಅಪ್ಪ ಕೆಳಗಿದ್ದರು. ಗಂಟೆ ಬಾರಿಸಿತು. ಡೆಕ್ಕಿನ ಹಲಗೆಗಳು ನನ್ನ ಚಪ್ಪಲಿಯ ಅಡಿಯಲ್ಲಿ ಮೆಲ್ಲಗೆ ನಡುಗಿದವು. ಕಟ್ಟೆ ಹಿಂದಕ್ಕೆ ಸರಿಯಿತು. ಕಟ್ಟೆಯಲ್ಲ, ನಾವು ಸರಿದಿದ್ದೆವು! ದಡದಲ್ಲಿ ನಿಂತಿದ್ದ ರಘು ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಐದು ತಿಂಗಳು ನಮ್ಮ ಕಾರಿನ ಎಣ್ಣೆ ವಾಸನೆಗೆ ಮೂಗು ಮುರಿದವನು ಅವನೇ. ನಾನು ಕಿಂಡಿಗೆ ಬಾಯಿಟ್ಟು ಕೂಗಿದೆ.

“ಅಪ್ಪಾ, ಹೊರಟ್ವಿ! ಮೂವ್ ಆಗ್ತಿದೆ!”

“ಗೊತ್ತು ಕಣವ್ವ! ನಾನೇ ತಾನೆ ತಳ್ತಾ ಇರೋದು!” ಎಂದು ಕೆಳಗಿನಿಂದ ದನಿ ಬಂತು.

ದಾರಿಯ ಗುರುತಿಗೆಂದು ನೀರಿನ ಮೇಲೆ ತೇಲಬಿಟ್ಟಿದ್ದ ಬುರುಡೆ ಸುತ್ತಿ ತಿರುಗಿದೆವು. ತಪಾಸಣೆಯಾಕೆ ಒಂದೊಂದೇ ಚೌಕಕ್ಕೆ ಗೀಟು ಹಾಕುತ್ತಿದ್ದಳು. ಅಷ್ಟರಲ್ಲಿ ಮಂಜಿನೊಳಗಿನಿಂದ ನಾಯಿ ಬೊಗಳುವುದು ಕೇಳಿಸಿತು. ಒಂದು ಚಿಕ್ಕ ಹಾಯಿದೋಣಿ. ಗಾಳಿಯಿಲ್ಲದೆ ಹಾಯಿ ಜೋತುಬಿದ್ದಿತ್ತು, ಮೋಟಾರು ಕೆಟ್ಟಿತ್ತು, ಇಳಿಯುತ್ತಿದ್ದ ಕಡಲ ನೀರು ಅದನ್ನು ಹೊರಕ್ಕೆ ಎಳೆಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಟವೆಲು ಬೀಸುತ್ತಿದ್ದರು. ಡೆಬ್ಬಿ ಚಾಲಕನ ಕೋಣೆಯಿಂದ ತಲೆ ಹೊರಹಾಕಿ ತಪಾಸಣೆಯಾಕೆಯನ್ನು ನೋಡಿದಳು. ಪರೀಕ್ಷೆಯ ನಡುವೆ ಬೇರೆ ದೋಣಿ ಎಳೆಯಬಹುದೇ ಎಂದು ಕೇಳುವ ಧೈರ್ಯ ಅವಳಿಗೂ ಇರಲಿಲ್ಲ. ನಾವೆಲ್ಲ ಆ ಪ್ಯಾಡನ್ನೇ ನೋಡುತ್ತ ನಿಂತೆವು.

“ಇದು ರೆಸ್ಕ್ಯೂ ಟಗ್ಗು ತಾನೇ?” ಎಂದಳಾಕೆ. “ಬಿಟ್ಟು ಹೋದರೆ ಫೇಲು ಮಾಡ್ತೀನಿ.”

ಹಗ್ಗ ಎಸೆದೆವು. ಮೊದಲ ಸಲ ನೀರಿಗೆ ಬಿತ್ತು, ಎರಡನೆಯ ಸಲ ನಾಯಿಯ ಮೇಲೆ ಬಿತ್ತು, ಮೂರನೆಯ ಸಲ ಆ ಹೆಂಗಸು ಹಿಡಿದು ಕಟ್ಟಿದಳು. ಟಗ್ಗು ಮುಂದಕ್ಕೆ ಹೊರಟಾಗ ಹಗ್ಗ ನೀರಿನಿಂದೆದ್ದು ಬಿಗಿಯಾಯಿತು. ವಾಲ್ಟರ್ ತನ್ನ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಲು ಹೇಳಿದ. ಬಿಚ್ಚಿ, ತಿರುಗಿಸಿ, ಮತ್ತೆ ಬಿಗಿದೆವು. ಅವನು ಹಗ್ಗದ ಗುಂಟ ಕಣ್ಣು ಹಾಯಿಸಿ, ತುದಿಯಲ್ಲಿ ತಲೆ ಆಡಿಸುತ್ತ ಬರುತ್ತಿದ್ದ ಬಿಳಿಯ ದೋಣಿಯನ್ನು ನೋಡಿದ. ತುಂಬ ಹೊತ್ತು ನೋಡಿದ.

“ಓ, ಹೀಗೆ ಕಾಣೋದಾ,” ಎಂದ.

ಅವನ ಕೆನ್ನೆ ಒದ್ದೆಯಾಗಿತ್ತು. ತಪಾಸಣೆಯಾಕೆ ಪ್ಯಾಡು ಕಂಕುಳಲ್ಲಿಟ್ಟುಕೊಂಡು ಆಕಾಶ ನೋಡುತ್ತಿದ್ದಳು. ಬಂದರಿನ ಬಾಯಿ ಹತ್ತಿರ ಬಂದಾಗ ಡೆಬ್ಬಿ ಈಗ ಎಂದಳು. ವಾಲ್ಟರ್ ಇನ್ನೂ ಇಲ್ಲ ಎಂದು ಕೈ ತೋರಿಸಿದ. ಹಾಯಿದೋಣಿಯೂ ಬಾಯಿ ದಾಟಿ ಒಳಗೆ ಬರುವ ತನಕ ಕಾದು, ಆಮೇಲೆ ಎರಡೂ ಕೈಯಿಂದ ಹಗ್ಗ ಜಗ್ಗಿದ.

ಕೂಗು ಮೊದಲು ಗೊರಗೊರ ನೀರು ಉಗುಳಿತು. ಆಮೇಲೆ ಎದ್ದಿತು ನೋಡಿ! ದಪ್ಪಗೆ, ಆಳದಿಂದ, ಎದೆಗೂಡು ಕಂಪಿಸುವ ಹಾಗೆ. ಎದುರು ದಡದ ಗೋದಾಮುಗಳಿಗೆ ಬಡಿದು ತಿರುಗಿ ಬಂತು. ಕಡಲಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು, ದೋಣಿಯ ನಾಯಿ ತಾನೂ ದನಿ ಸೇರಿಸಿತು. ಮಂಡ್ಯದಲ್ಲಿ ಕಾರ್ಖಾನೆ ಕೂಗಿದಾಗ ಅಪ್ಪ ಬಂದರು ಎಂದು ಬಾಗಿಲಿಗೆ ಓಡುತ್ತಿದ್ದ ನಾನು ಆ ಡೆಕ್ಕಿನ ಮೇಲೆ ಮಕ್ಕಳ ಹಾಗೆ ಕುಣಿದೆ. ವಾಲ್ಟರ್ ಹಗ್ಗ ಬಿಡಲೇ ಇಲ್ಲ. ಹಬೆ ಮುಗಿಯುತ್ತದೆ ಎಂದು ಡೆಬ್ಬಿಯೇ ಬಂದು ಬಿಡಿಸಬೇಕಾಯಿತು.

ಟಗ್ಗು ಕಟ್ಟೆಗೆ ತಾಗಿದ ಮೇಲೆ ಅಪ್ಪ ಏಣಿ ಹತ್ತಿ ಬಂದರು. ಮುಖವೆಲ್ಲ ಮಸಿ, ಹಲ್ಲು ಮಾತ್ರ ಬೆಳ್ಳಗೆ. ಪಾಸಾಯಿತೇ ಎಂದು ಕೇಳಲಿಲ್ಲ ಅವರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮೊದಲು ಕೇಳಿದ್ದು:

“ಕೂಗ್ತಲ್ಲ, ಯಾರ್ನವ್ವ ತಂದ್ವಿ?”

“ಒಬ್ಬ ಗಂಡ, ಒಬ್ಬಳು ಹೆಂಡ್ತಿ, ಒಂದು ನಾಯಿ.”

“ಮೂರು ಜೀವ. ಸಾಕಲ್ವ,” ಎಂದು ವಾಲ್ಟರನ ಪಕ್ಕ ಡೆಕ್ಕಿನ ಮೇಲೇ ಕೂತರು. ವಾಲ್ಟರ್ ಅವರ ತಲೆಯ ಮೇಲೆ ಕೈ ಇಟ್ಟ. ತಪಾಸಣೆಯಾಕೆ ಕೊನೆಯ ಚೌಕಕ್ಕೆ ಗೀಟು ಹಾಕಿ, ಸಹಿ ಮಾಡಿ, ಹಾಳೆಯನ್ನು ಡೆಬ್ಬಿಗೆ ಕೊಟ್ಟು, ಮೊದಲ ಸಲ ನಕ್ಕಳು. ದಿನಚರಿಯಲ್ಲಿ ನಾನು ಒಂದೇ ಸಾಲು ಬರೆದೆ: ದೋಣಿಯೊಂದನ್ನು ಎಳೆದು ತಂದೆವು, ಎಲ್ಲರೂ ಕ್ಷೇಮ.

ಮರುವಾರ ಅಪ್ಪನನ್ನು ವಿಮಾನ ಹತ್ತಿಸಿದೆ. ಸ್ವೆಟರು ಬೇಕೆಂದೇ ಬಿಟ್ಟು ಹೋದರು, ಮುಂದಿನ ಸಲಕ್ಕೆ ಬೇಕಾಗುತ್ತದಂತೆ. ಎರಡು ದಿನ ನನಗೆ ಮನೆಯಲ್ಲಿ ಕಾಲೇ ನಿಲ್ಲಲಿಲ್ಲ. ಮೂರನೆಯ ದಿನ ಒಂದು ಹೊಸ ಲ್ಯಾಬಿನ ಇಂಟರ್‌ವ್ಯೂ ಮುಗಿಸಿ ಪಾರ್ಕಿಂಗಿಗೆ ಬರುತ್ತಿದ್ದಾಗ ಫೋನು ಬಂತು. ಮಂಡ್ಯದ ನಂಬರು. ಹಲೋ ಅಂದೆ. ಆ ಕಡೆಯಿಂದ ಒಂದು ದೀರ್ಘವಾದ ಉಸಿರು, ಆಮೇಲೆ ಎಪ್ಪತ್ತೆರಡು ವರ್ಷದ ಗಂಟಲಿನಿಂದ, ಆಳವಾಗಿ, ಉದ್ದಕ್ಕೆ, ಮುಗಿಯದ ಹಾಗೆ: “ಭೋಂ…”

ಹಿಂದಿನಿಂದ ಅಮ್ಮ ಕಿರುಚುತ್ತಿದ್ದಳು.

“ಬಾಗ್ಲಲ್ಲಿ ನಿಂತ್ಕಂಡು ಒಂದೇ ಸಮ್ನೆ ಕೂಗ್ತಾವ್ರೆ ಕಣೇ! ಅಕ್ಕಪಕ್ಕದೋರೆಲ್ಲ ಆಚೆಗೆ ಬಂದವ್ರೆ! ಏನು ಮಾಡ್ಬಿಟ್ಟೆ ಇವ್ರಿಗೆ?”

ಏನೂ ಇಲ್ಲಮ್ಮ, ಮನೆ ತಲುಪಿದೆ ಎಂದು ಹೇಳುತ್ತಿದ್ದಾರೆ ಎಂದೆ. ಆಮೇಲೆ ಕಾರುಗಳ ನಡುವೆ ನಿಂತು, ಇಂಟರ್‌ವ್ಯೂ ಮಾಡಿದವರು ಕಿಟಕಿಯಿಂದ ನೋಡಿದರೂ ನೋಡಲಿ ಎಂದು, ನಾನೂ ಉದ್ದಕ್ಕೆ ಒಂದು ಕೂಗು ಹಾಕಿದೆ.